ಹಳದಿ ಹಾಳೆಯ ಕೊನೆಯ ಸಾಲು

ಆ ದಿನದ ಎಲ್ಲ ಫಜೀತಿಗೂ ಮೂಲ ಒಂದು ಹಳದಿ ಹಾಳೆ.

ಆ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಕೆಲಸವೊಂದು ಮುಗಿದ ಮಾರನೆಯ ದಿನ, ಅದನ್ನು ಮಾಡಿದವರು ಹಳದಿ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಸರಿಹೋದದ್ದು’, ಬಲಕ್ಕೆ ‘ಕೈಕೊಟ್ಟದ್ದು’ ಬರೆಯಬೇಕು. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಯಜಮಾನರು ಅದನ್ನು ಎಲ್ಲರೆದುರು ಓದುತ್ತಾರೆ. ಬೈಗುಳವಿಲ್ಲ. ಬಹಳ ಹಿಂದೆ ಗಣಿತದ ಪುಸ್ತಕವೊಂದರಲ್ಲಿ ಆರು ಪುಟ ಬಿಟ್ಟುಹೋಗಿ, ಸಾವಿರ ಪ್ರತಿ ಹೊಲಿದಾಗಿತ್ತಂತೆ. ಆಗಲೂ ಯಜಮಾನರು “ಬಿಟ್ಟ ಪುಟ ಅಚ್ಚುಹಾಕಿ ಸೇರಿಸಿ” ಎಂದರು, ಅಷ್ಟೆ. ಸೇರಿಸಿ ಮುಗಿಸುವಷ್ಟರಲ್ಲಿ ಎಲ್ಲರ ಬೆರಳುಗಳೂ ಅಂಟಿಗೆ ಅಂಟಿಕೊಂಡು ಬಾತುಕೋಳಿಯ ಪಾದದಂತಾಗಿದ್ದವು.

ಕರಡು ತಿದ್ದುವವನು ಆ ಪ್ರೆಸ್ಸಿಗೆ ಬಂದದ್ದು ಅದಾದ ಮೇಲೆ. ಅವನನ್ನು ಎಲ್ಲರೂ ಕರೆಯುವುದು ಕೆಂಪು ಪೆನ್ನು ಎಂದು. ಅವನ ಸಹಿ ಬೀಳದೆ ಒಂದು ಪುಟವೂ ಮಷೀನಿಗೆ ಹೋಗುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಹೊರಗೆ ಹೋದದ್ದಿಲ್ಲ. ಅಂಥವನು ಭಾನುವಾರ ಎಂಬತ್ತು ಕಿಲೋಮೀಟರಿನ ಓಟಕ್ಕೆ ಹೋಗಿ, ಕೊರಳಿಗೆ ಪದಕ ಹಾಕಿಸಿಕೊಂಡು ಬಂದಿದ್ದ. ಸೋಮವಾರ ಬೆಳಿಗ್ಗೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಅಭ್ಯಾಸಬಲದಿಂದ ಆ ಓಟಕ್ಕೂ ಒಂದು ಹಳದಿ ಹಾಳೆ ಬರೆದ. ತನ್ನೊಬ್ಬನಿಗಾಗಿ.

ಸರಿಹೋದದ್ದು: ಏರಿನಲ್ಲಿ ಓಡದೆ ನಡೆದದ್ದು. ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಂಡದ್ದು. ನಲವತ್ತನೇ ಕಿಲೋಮೀಟರ್ ಕಲ್ಲಿನ ಹತ್ತಿರ ಗುರುತಿಲ್ಲದ ಅಜ್ಜಿಯೊಬ್ಬರು ಬಗ್ಗಿ ಬೂಟಿನ ದಾರ ಕಟ್ಟಿದ್ದು.

ಕೈಕೊಟ್ಟದ್ದು: ಮೊದಲ ಇಪ್ಪತ್ತು ಕಿಲೋಮೀಟರ್ ಹುಚ್ಚುಕುದುರೆಯ ಹಾಗೆ ಓಡಿದ್ದು. ಹೊಟ್ಟೆ ಕೂಗುವ ತನಕ ಏನೂ ತಿನ್ನದೇ ಇದ್ದದ್ದು. ಹೊಸ ಬೂಟು. ಗಡಿಯಾರದ ಚಾರ್ಜು ಮುಗಿದದ್ದು.

ಆಮೇಲೆ ಕೊನೆಯ ಸಾಲು: ‘ಅರವತ್ತನೇ ಕಲ್ಲಿನಿಂದ ಸುಮಾರು ಆರು ಕಿಲೋಮೀಟರ್ ಎಲೆಕೋಸಿನ ವ್ಯಾನಿನಲ್ಲಿ.’

ಅದೇ ನಿಜ. ಅರವತ್ತನೇ ಕಲ್ಲಿನ ಮೇಲೆ ಅವನು ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಾಗ ವ್ಯಾನೊಂದು ನಿಂತಿತು. ಮೂಗಿನ ತನಕ ಟೋಪಿ ಎಳೆದುಕೊಂಡಿದ್ದ ಚಾಲಕ “ಹತ್ತಿ” ಎಂದ. ಏನೂ ಕೇಳಲಿಲ್ಲ, ನೀರಿನ ಬಾಟಲಿ ಕೊಟ್ಟ. ಕೆಂಪು ಪೆನ್ನು ಎಲೆಕೋಸಿನ ಚೀಲಗಳ ನಡುವೆ ಒಂದು ಕ್ಷಣ ಕಣ್ಣು ಮುಚ್ಚಿದ. ಮುಂದಿನ ನೀರಿನ ಮೇಜು ಕಾಣುವ ಮೊದಲೇ ಇಳಿದು, ಮರದ ಹಿಂದಿನಿಂದ ಕಳ್ಳನ ಹಾಗೆ ರಸ್ತೆಗೆ ಬಂದು ಓಡಿದ. ಕೊನೆಯಲ್ಲಿ ಪದಕ ಹಾಕುವಾಗ ಬೇಡವೆನ್ನಲು ಬಾಯಿ ತೆರೆದ. ತೆರೆದ ಬಾಯಿಗೆ ಯಾರೋ ಬಾಳೆಹಣ್ಣು ಇಟ್ಟರು.

ಪ್ರೆಸ್ಸಿಗೆ ಬಂದರೆ ಅವನ ಕುರ್ಚಿಯ ಮೇಲೆ ಯಾರೋ ಮೆತ್ತೆ ಹಾಕಿಟ್ಟಿದ್ದರು. ಯಜಮಾನರು ಬಾಗಿಲಿಗೇ ಬಂದು ಪದಕವನ್ನು ಕೈಯಲ್ಲಿ ತೂಗಿ ನೋಡಿದರು. “ಸಾಯಂಕಾಲ ಚಹಾದ ಹೊತ್ತಿಗೆ ಎಲ್ಲರ ಮುಂದೆ ಇದನ್ನ ಗೋಡೆಗೆ ಹಾಕೋಣ. ಮೊಳೆ ಹೊಡೆಸಿದೀನಿ.”

ಹತ್ತು ಗಂಟೆಗೆ ಕೆಂಪು ಪೆನ್ನು ಫೈಲು ಬಿಚ್ಚಿದ. ಮಡಚಿ ಇಟ್ಟಿದ್ದ ಹಳದಿ ಹಾಳೆ ಇಲ್ಲ. ಅದೇ ಫೈಲಿನಲ್ಲಿದ್ದ ಬೆಳಗಿನ ಕರಡಿನ ಕಟ್ಟನ್ನು ಮೇಲಕ್ಕೆ ಕಳಿಸಿದ್ದು ನೆನಪಾಯಿತು.

ಮೊದಲ ಮಹಡಿಗೆ ಇಪ್ಪತ್ತೊಂದು ಮೆಟ್ಟಿಲು. ಕಂಬಿಯನ್ನು ಬಾವಿಹಗ್ಗದಂತೆ ಜಗ್ಗಿಕೊಂಡು ಹತ್ತಿದ. ಅಲ್ಲಿ ಟೈಪು ಮಾಡುವ ಕಂಪ್ಯೂಟರ್ ಅಕ್ಕ ತನ್ನ ಕುರ್ಚಿಯನ್ನೇ ಅವನತ್ತ ತಳ್ಳಿದಳು.

“ಬನ್ನಿ ಪೆನ್ನಣ್ಣಾ! ಎಂಬತ್ತು ಕಿಲೋಮೀಟರ್ ಅಂದ್ರೆ ಹುಡುಗಾಟನಾ? ಅರವತ್ತಾದ್ಮೇಲೆ ಹೇಗನ್ನಿಸ್ತು?”

“ಅರವತ್ತೇ ಯಾಕೆ?”

“ಸುಮ್ನೆ ಕೇಳ್ದೆಪ್ಪ.”

“ಕಟ್ಟಿನಲ್ಲಿ ಒಂದು ಹಳದಿ ಹಾಳೆ...”

“ಇತ್ತಲ್ಲ! ಮಡಚಿದ್ದು ಬಿಚ್ಚಿಲ್ಲ. ಹಳದಿ ಅಂದ್ಮೇಲೆ ಯಜಮಾನ್ರಿಗೇ ಹೋಗ್ಬೇಕಲ್ವಾ? ಚಿಕ್ಕಮ್ಮನ ಕೈಗೆ ಕೊಟ್ಟೆ.”

ಚಿಕ್ಕಮ್ಮ ಎಂದರೆ ಪುಸ್ತಕ ಹೊಲಿಯುವಾಕೆ. ಇಡೀ ಪ್ರೆಸ್ಸಿಗೇ ಚಿಕ್ಕಮ್ಮ. ಅವಳಿರುವುದು ಇನ್ನೂ ಇಪ್ಪತ್ತೊಂದು ಮೆಟ್ಟಿಲ ಮೇಲೆ.

“ಬಾರೋ ಮಗಾ. ಬೂಟು ಬಿಚ್ಚು.”

“ಚಿಕ್ಕಮ್ಮಾ, ಹಾಳೆ—”

“ಹಾಳೆ ಎಲ್ಲಿಗೂ ಓಡಿಹೋಗಲ್ಲ. ನಿನ್ನ ಹಾಗಲ್ಲ ಅದು. ಬಿಚ್ಚು ಅಂದೆ.”

ಬೊಬ್ಬೆಗಳನ್ನು ನೋಡಿ ಅವಳು ಲೊಚಗುಟ್ಟಿದಳು. ಹೊಲಿಗೆಯ ಹತ್ತಿಬಟ್ಟೆ ಹರಿದು, ಪುಸ್ತಕದ ಬೆನ್ನು ಕಟ್ಟುವಷ್ಟೇ ನಾಜೂಕಾಗಿ ಪಾದ ಕಟ್ಟಿದಳು. ಕಟ್ಟಿ ಮುಗಿಸಿದ ಮೇಲೆ ಹೇಳಿದಳು: “ಹಾಳೇನ ಆಗ್ಲೇ ಮಷೀನ್ ಮಾವನ ಕೈಲಿ ಕೆಳಗೆ ಕಳಿಸ್ದೆ, ಯಜಮಾನ್ರ ಮೇಜಿಗೆ.”

ಹತ್ತುವುದಾದರೂ ವಾಸಿ. ಇಳಿಯುವುದಕ್ಕೆ ಅವನ ತೊಡೆಗಳು ಒಪ್ಪಲೇ ಇಲ್ಲ. ಕೊನೆಗೆ ತಿರುಗಿ ನಿಂತು, ಮರದಿಂದ ಇಳಿಯುವ ಕರಡಿಯಂತೆ ಹಿಮ್ಮುಖವಾಗಿ ನಲವತ್ತೆರಡು ಮೆಟ್ಟಿಲು ಇಳಿದ.

ಅಚ್ಚುಯಂತ್ರ ನಡೆಸುವ ಮಷೀನ್ ಮಾವ ಅದರ ಸದ್ದನ್ನು ಮೀರಿಸಿ ಕೂಗಿದ: “ಏನಪ್ಪಾ, ಹಿಂದೆ ಹಿಂದೆ ನಡ್ಕೊಂಡೇ ಗೆದ್ದೆಯಾ?”

“ಮಾವಾ, ಹಾಳೆ?”

“ಯಜಮಾನ್ರ ಮೇಜಿನ ಮೇಲೆ ಜೋಪಾನವಾಗಿ ಇಟ್ಟೆ. ಕಾಲು ಊದಿದೆಯಲ್ಲೋ! ಅದಕ್ಕೆ ಎಲೆಕೋಸಿನ ಎಲೆ ಕಟ್ಟಬೇಕು. ನಮ್ಮನೇಲಿ ಬೇಕಾದಷ್ಟಿದೆ, ತಂದುಕೊಡ್ಲಾ?”

ಕೆಂಪು ಪೆನ್ನಿನ ಮುಖ ಬಿಳಿ ಕಾಗದವಾಯಿತು. “ಬೇಡ ಮಾವಾ,” ಎಂದು ಗೋಡೆ ಹಿಡಿದುಕೊಂಡು ಸರಿದ.

ಯಜಮಾನರ ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರು ಗಿರಾಕಿಗಳು. ಊಟದ ಹೊತ್ತು ಕಳೆಯಿತು, ಎರಡಾಯಿತು, ಮೂರಾಯಿತು. ಬಾಗಿಲಿನ ಗಾಜಿನಿಂದ ನೋಡಿದರೆ ಹಳದಿ ಮೂಲೆಯೊಂದು, ಕಾಗದ ಹಾರದಂತಿಟ್ಟ ಗಾಜಿನ ಗುಂಡಿನ ಕೆಳಗಿನಿಂದ ನಾಲಗೆ ಚಾಚಿತ್ತು. ಕೆಂಪು ಪೆನ್ನು ಒಂದೇ ಪುಟವನ್ನು ಏಳು ಸಲ ಓದಿದ. ಏಳು ಸಲವೂ ಅದರಲ್ಲಿ ಕಂಡದ್ದು ಎಲೆಕೋಸು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಯಜಮಾನರು ಕೈತೊಳೆಯಲು ಎದ್ದರು. ಇವನು ಒಳಗೆ ನುಗ್ಗಿದ. ನುಗ್ಗಿದ ಎನ್ನುವುದು ಮಾತಿಗೆ, ತೆವಳಿದ. ಹಾಳೆ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದ. ಒಂದೇ ಗೀಟು. ಕೊನೆಯ ಸಾಲು ಹೋದರೆ ಸಾಕು.

ಆಗ ಅವನ ಹಾಳು ಕಣ್ಣಿಗೆ ಒಂದು ತಪ್ಪು ಕಂಡಿತು. ಎಡಗಡೆ, ‘ಸರಿಹೋದದ್ದು’ ಎಂಬಲ್ಲಿ, ಆ ನೀರಿನ ಬಾಟಲಿ ಬಿಟ್ಟುಹೋಗಿತ್ತು! ಇಪ್ಪತ್ತೆರಡು ವರ್ಷ ಪಳಗಿದ ಕೈ. ಬಿಟ್ಟದ್ದು ಕಂಡ ಮೇಲೆ ಸುಮ್ಮನಿದ್ದೀತೆ? ‘ವ್ಯಾನಿನ ಚಾಲಕ ಏನೂ ಕೇಳದೆ ನೀರು ಕೊಟ್ಟದ್ದು’ ಎಂದು ಅದು ತಾನೇ ಸೇರಿಸಿಬಿಟ್ಟಿತು. ಈಗ ಬಲಗಡೆಯ ವ್ಯಾನನ್ನು ಹೊಡೆದುಹಾಕಿದರೆ ಎಡಗಡೆಯ ಚಾಲಕ ಎಲ್ಲಿ ಕೂರಬೇಕು? ಚಾಲಕನನ್ನೂ ಅಳಿಸೋಣವೆಂದರೆ ಮನಸ್ಸು ಬಾರದು. ಅರವತ್ತನೇ ಕಲ್ಲಿನ ಆ ಗಳಿಗೆಯಲ್ಲಿ ಜಗತ್ತಿನಲ್ಲಿ ಇವನಿಗಿದ್ದವನು ಆ ಚಾಲಕನೊಬ್ಬನೇ.

“ಏನು, ನೀವೇ ಓದ್ತೀರಾ?” ಯಜಮಾನರು ಬಾಗಿಲಲ್ಲಿ ನಿಂತಿದ್ದರು.

ಚಹಾದ ಲೋಟ ಹಿಡಿದು ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದ್ದರು. ಎಲ್ಲರಿಗೂ ಕಾಣಲೆಂದು ಅವನನ್ನು ನಾಲ್ಕು ಮೆಟ್ಟಿಲು ಮೇಲೆ ಹತ್ತಿಸಿದರು. ಅಜ್ಜಿಯ ಸಾಲು ಬಂದಾಗ ಚಿಕ್ಕಮ್ಮ “ಪುಣ್ಯಾತ್ಗಿತ್ತಿ” ಎಂದಳು. ಕೊನೆಯ ಸಾಲನ್ನು ಕಣ್ಣು ಮುಚ್ಚಿ ಓದಿದ. ಕಣ್ಣು ಬಿಡಲು ಹೆದರಿ ಹಾಗೇ ನಿಂತ.

ಕೆಳಗೆ ಯಾರೋ ಸೊರ್ರೆಂದು ಚಹಾ ಹೀರಿದರು.

“ಅಬ್ಬಾ, ಅಂತೂ ಹೇಳ್ದ!” ಎಂದ ಮಷೀನ್ ಮಾವ. “ಆ ವ್ಯಾನು ನನ್ನ ಭಾವಮೈದಂದು ಕಣೋ. ನಿನ್ನೆ ಸಾಯಂಕಾಲಾನೇ ಬಂದು ಹೇಳಿದ.”

“ಎಲ್ಲರಿಗೂ... ಗೊತ್ತಿತ್ತಾ?”

“ಬೆಳಿಗ್ಗೆ ಒಂಬತ್ತಕ್ಕೇ,” ಎಂದಳು ಕಂಪ್ಯೂಟರ್ ಅಕ್ಕ. “ನೀವಾಗೇ ಹೇಳ್ಲಿ ಅಂತ ಕಾಯ್ತಿದ್ವಿ. ಮೆತ್ತೆ ಹಾಕಿರ್ಲಿಲ್ವಾ?”

ಕೆಂಪು ಪೆನ್ನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಪದಕ ತೆಗೆದು ಯಜಮಾನರ ಮುಂದೆ ಹಿಡಿದ. ಅವರು ಅದನ್ನು ಜೇಬಿಗೆ ಹಾಕಿಕೊಂಡರು. “ಇದನ್ನ ಓಟ ನಡೆಸಿದವ್ರಿಗೆ ವಾಪಸ್ ಕಳಿಸೋಣ, ನೀವೇ ಪತ್ರ ಬರೀರಿ. ಮೊಳೆಗೆ ಈ ಹಾಳೆ ಹಾಕೋಣ. ಆದ್ರೆ ನಮ್ಮ ಪ್ರೆಸ್ಸಲ್ಲಿ ಪುಟ ಬಿಟ್ಟುಹೋದ್ರೆ ಏನು ಮಾಡ್ತೀವಿ?”

“ಅಚ್ಚುಹಾಕಿ... ಸೇರಿಸ್ತೀವಿ.”

“ಸೇರಿಸೋಣ. ಐದಕ್ಕೆ ಬಾಗಿಲು ಹಾಕಿ ಎಲ್ರೂ ಹೊರಡೋಣ. ಆ ಕಲ್ಲಿನ ತನಕ ಅದೇ ವ್ಯಾನಲ್ಲಿ, ಹೇಳಿ ಕಳಿಸಿದೀನಿ. ಅಲ್ಲಿಂದ ಆರು ಕಿಲೋಮೀಟರ್ ನಿಮ್ಮ ಜೊತೆ ನಾವೂ ನಡೀತೀವಿ.”

“ಇವತ್ತೇನಾ ಸಾರ್?”

“ಅಂಟು ಹಸಿಯಿರುವಾಗ್ಲೇ ಸೇರಿಸ್ಬೇಕಪ್ಪ.”

“ನನ್ನ ಚಪ್ಪಲಿ ಹಾಕ್ಕೋ, ಮೆತ್ತಗಿದೆ,” ಎಂದು ಚಿಕ್ಕಮ್ಮ ತನ್ನ ಚಪ್ಪಲಿ ಬಿಟ್ಟು, ಅವನು ಬಿಚ್ಚಿದ ಬೂಟಿಗೆ ಕಾಲು ತೂರಿಸಿದಳು. ಹೋಗಲಿ, ಆರೇ ತಾನೆ ಎಂದು ಕೆಂಪು ಪೆನ್ನು ಮನಸ್ಸು ಗಟ್ಟಿ ಮಾಡಿಕೊಂಡ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಟೋಪಿಯವನು ಒಳಗೆ ಬಂದು, ಒಂದು ಎಲೆಕೋಸನ್ನು ಕೆಂಪು ಪೆನ್ನಿನ ಕೈಗಿತ್ತ. “ಕಾಲಿಗೆ ಕಟ್ಟೋಕೆ.” ಆಮೇಲೆ ಹಾಳೆಯ ಕಡೆ ಬಗ್ಗಿ ನೋಡಿ ತಲೆ ಕೆರೆದುಕೊಂಡ.

“ಇದು ತಪ್ಪಾಗಿದೆ ಸಾರ್. ಆರಲ್ಲ, ಒಂಬತ್ತು. ಮೀಟರ್ ನೋಡಿದೀನಿ. ಮೂರು ಕಿಲೋಮೀಟರ್ ನೀವು ಗೊರಕೆ ಹೊಡೀತಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ.”

ಯಾರೂ ನಗಲಿಲ್ಲ. ತಪ್ಪಿನ ವಿಷಯದಲ್ಲಿ ಆ ಪ್ರೆಸ್ಸಿನವರು ನಗುವುದಿಲ್ಲ. ಕಂಪ್ಯೂಟರ್ ಅಕ್ಕ ಅವನ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡು, ‘ಸುಮಾರು ಆರು’ ಎಂಬುದನ್ನು ನೀಟಾಗಿ ಹೊಡೆದು, ಮೇಲೆ ‘ಒಂಬತ್ತು’ ಎಂದು ಬರೆದಳು.

“ತಿದ್ದಾಯ್ತು ಪೆನ್ನಣ್ಣಾ. ಸಹಿ ಹಾಕಿ.”

ಅವನು ಸಹಿ ಹಾಕಿದ. ಎಲೆಕೋಸನ್ನು ಎದೆಗವಚಿಕೊಂಡು ತಿರುಗಿ ನಿಂತ. ಹಿಮ್ಮುಖವಾಗಿ, ಒಂದೊಂದಾಗಿ, ನಾಲ್ಕು ಮೆಟ್ಟಿಲು ಇಳಿಯತೊಡಗಿದ.