ಅಜ್ಜಿ ಮನಿ ರೇಂಜು

ನಮ್ಮೂರಾಗ ಇಂಥಾವು ಆಗ್ತಾನ ಇರ್ತಾವ್ರಿ, ಯಾಕಂದ್ರ ನಮಗ ಊರು ಎರಡ. ಹೊಳಿ ಏರಿ ಬಂದ ಮ್ಯಾಲ ಸರಕಾರದವ್ರು ದಿಬ್ಬದ ಮ್ಯಾಲ ಹೊಸಾ ಮನಿ ಕಟ್ಟಿಕೊಟ್ರು. ಉಣ್ಣೂದು, ಮಲಗೂದು ಎಲ್ಲಾ ಅಲ್ಲೇ. ಫೋನಿನ್ಯಾಗ ಮಾತಾಡಾಕ ಮಾತ್ರ ಹಳೇ ಊರಿಗೆ ಇಳೀಬೇಕು. ಟವರ್ ಇರೂದು ಹೊಳಿ ಆಚಿ ದಂಡಿಗೆ. ಅದರ ರೇಂಜು ನೀರು ದಾಟಿ ಹಳೇ ಊರ ತನಕಾ ಬರತೈತಿ, ದಿಬ್ಬ ಹತ್ತೂದಿಲ್ಲ. ಅಲ್ಲಿ ಮ್ಯಾಳಿಗಿ ಇಲ್ಲ, ಬಾಗಲಾ ಇಲ್ಲ, ಬರೇ ಗ್ವಾಡಿ ನಿಂತಾವ. ಅದರಾಗೂ ಒಂದೊಂದು ಕಂಪನಿ ರೇಂಜು ಒಂದೊಂದು ಮನ್ಯಾಗ ಅಷ್ಟ ಬರತೈತಿ.

ನಾ ಬ್ಲೌಸ್ ಹೊಲಿಯಾಕಿ. ಬಟನ್ ಫೋನಿನ್ಯಾಗ ಜಲ್ಮ ಕಳದಾಕಿ. ಆದ್ರ ಮಗಳಿಗೆ ಗಜೇಂದ್ರಗಡದ್ದೊಂದು ಸಂಬಂಧ ಬಂತು. ಮಗ್ಗದ ಮನಿ, ಹುಡುಗ ಚಲೋ, ಮಗಳಿಗೂ ಮನಸ್ಸಿಗೆ ಬಂದಾನ. ಆದ್ರ ಅವರ ಮನ್ಯಾಗ ಅಜ್ಜಿ ಹೂಂ ಅನ್ನದ ಏನೂ ನಡ್ಯೂದಿಲ್ಲ, ಅಜ್ಜಿ ಟೊಂಕ ಮುರಕೊಂಡು ಹಾಸಗಿ ಹಿಡದಾರ. "ಫೋನಿನ್ಯಾಗ ಹುಡುಗಿ ಮಾರಿ ನೋಡಿ ಹೇಳ್ತೀನಿ" ಅಂದ್ರಂತ. ಹಿಂದಕ ಒಂದು ಸಂಬಂಧ, ಮಾತಿನ ನಡುವ ಫೋನ್ ಕಟ್ ಆಗಿ, ನಾವ ಸಿಟ್ಟಿಲೆ ಫೋನ್ ಇಟ್ಟೀವಿ ಅಂತ ಅವರು ತಿಳಕೊಂಡು ಮುರದು ಹೋಗಿತ್ತು. ನನ್ನ ಮಗಳು ಆವಾಗ ಅತ್ತಿದ್ದು ನಾ ಮರ್ತಿಲ್ಲ. ಈ ಸಲ ಹಂಗ ಆಗಬಾರದು ಅಂತ ಹೊಸಾ ಸ್ಮಾರ್ಟ್‌ಫೋನ್ ತರಾಕ ನಾನೂ ನಮ್ಮ ಮನಿಯವ್ರೂ ರೋಣಕ್ಕ ಹೋದಿವಿ.

ರೋಣದ ಅಂಗಡಿ

ಫೋನ್ ಆರಿಸಿದ್ದಾತು. ಅಂಗಡಿಯವ ಮೂರು ಕಂಪನಿ ಸಿಮ್ ಮುಂದಿಟ್ಟು, ದಿನಾ ಎಷ್ಟು ಡಾಟಾ, ಎಷ್ಟು ದಿನಾ ಬರತೈತಿ ಅಂತ ಪಟಪಟ ಹೇಳಿದ.

"ಅದೆಲ್ಲಾ ಇರ್ಲಿ ತಮ್ಮಾ. ಇದು ಯಾರ ಮನ್ಯಾಗ ಬರತೈತಿ ಅದನ್ನ ಹೇಳು" ಅಂದೆ.

"ನಿಮ್ಮ ಮನ್ಯಾಗ ಬರತೈತಲ್ರಿ ಅಕ್ಕಾರ."

"ನಮ್ಮ ಮನ್ಯಾಗ ಬಂದ್ರ ಇಷ್ಟ್ಯಾಕ ಒದ್ದಾಡ್ತಿದ್ವಿ?"

ಲೆಕ್ಕ ನನಗ ಗೊತ್ತಿತ್ತು. ಮೊದಲನೇ ಕಂಪನಿ ಗೌಡ್ರ ವಾಡೇದಾಗ ಬರತೈತಿ. ಗೌಡ್ರಿಗೂ ನಮಗೂ ಬದುವಿನ ಜಗಳ, ಮಾತಿಲ್ಲ. ಮ್ಯಾಳಿಗಿ ಬಿದ್ದೈತಿ ಅಂತ ಮಾತಿಲ್ಲದವರ ಮನಿ ಹೊಕ್ಕರ ಹ್ಯಾಂಗ? ಎರಡನೇದು ನಮ್ಮದ ಹಳೇ ಮನ್ಯಾಗ ಬರತೈತಿ, ಆದ್ರ ವಿಡಿಯೋ ಹಚ್ಚಿದ್ರ ಮಾರಿ ಬಾಯಿ ತಕ್ಕೊಂಡು ಹಂಗ ನಿಂತಬಿಡತೈತಿ. ಮೂರನೇದು ಕಡೀ ಓಣಿ ಅಜ್ಜಿ ಮನ್ಯಾಗ. ಅಲ್ಲಿ ವಿಡಿಯೋ ಕನ್ನಡಿ ಹಂಗ ಸ್ವಚ್ಛ, ಪ್ಲ್ಯಾನೂ ಎಲ್ಲಾಕ್ಕಿಂತ ಸೋವಿ. ಆದ್ರ ಆ ಅಜ್ಜಿ ಸತ್ತು ಭಾಳ ವರ್ಷ ಆತು. ದಿಬ್ಬದ ಮನ್ಯಾಗ "ನನ್ನ ಮನಿಗೆ ಒಯ್ಯರಿ, ನನ್ನ ಮನಿಗೆ ಒಯ್ಯರಿ" ಅನಕೋತ ಜೀವಾ ಬಿಟ್ಲು. ಹಳೇ ಊರ ತುಂಬ ಜಾಲಿ ಬೆಳದೈತಿ, ಆಕಿ ಮನ್ಯಾಗ ಒಂದು ಕಡ್ಡಿ ಹುಲ್ಲೂ ಇಲ್ಲ. ಯಾರು ಕಸಾ ಹೊಡೀತಾರ ಅಂತ ಯಾರೂ ಕೇಳೂದಿಲ್ಲ.

ನಮ್ಮ ಮನಿಯವ್ರಿಗೆ ಸೋವಿ ಅಂದ್ರ ಮುಗೀತು. "ಮೂರನೇದ ಹಾಕ" ಅಂದ್ರು.

ಅಂಗಡಿಯವ ನಕ್ಕೋತ, "ಹಂಗಾರ ಇದು ಯಾರ ಮನ್ಯಾಗ ಬರತೈತ್ರಿ ಕಾಕಾ?" ಅಂದ.

"ಸತ್ತಾಕಿ ಮನ್ಯಾಗ."

ಆಮ್ಯಾಲ ಅಂವ ಸಿಮ್ ನನ್ನ ಕೈಯಾಗ ಕೊಡಲಿಲ್ಲ. ಕೌಂಟರ್ ಮ್ಯಾಲ ಇಟ್ಟು, ಪೆನ್ನಿಲೆ ನನ್ನ ಕಡೆ ಸರಿಸಿದ.

ನರಗುಂದದಿಂದ ಬಂದಾವ

ಮಂದಿನ ಇಲ್ಲದ ಊರಾಗ ಇಷ್ಟು ಫೋನ್ ಹ್ಯಾಂಗ ನಡೀತಾವ ಅಂತ ನೋಡಾಕ ಕಂಪನಿ ಮನಷ್ಯಾ ಒಬ್ಬಾಂವ ನರಗುಂದದಿಂದ ಬಂದ. ಸಿಮ್ ಮಾರೂ ದೊಡ್ಡ ಛತ್ರಿ ಹೆಗಲ ಮ್ಯಾಲ ಇತ್ತು. ಹೊತ್ತು ಮುಣಗೂ ಹೊತ್ನ್ಯಾಗ ಒಬ್ಬನ ಹಳೇ ಊರ ಹೊಕ್ಕ.

ಒಂದು ಗ್ವಾಡಿ ಹಿಂದಿಂದ ಹೆಂಗಸು ಅಳಾಕತ್ತಿತ್ತು, "ಅಣ್ಣಾ, ನನ್ನ ಇಲ್ಲಿಂದ ಕರಕೊಂಡ ಹೋಗೋ" ಅಂತ. ಅದು ನಮ್ಮ ಬಾಜೂ ಮನಿ ಸೊಸಿ, ತವರಿಗೆ ಫೋನ್ ಹಚ್ಚಿದ್ಲು. ಇನ್ನೊಂದು ಕಡೆ ಮುದುಕಪ್ಪ ಒಬ್ಬನ ಕುಂತು ನಗಾಕತ್ತಿದ್ದ. ಮೊಮ್ಮಗ ಏನೋ ಹೇಳಿದ್ನಂತ. ಮುಂದಿನ ಮನ್ಯಾಗ ನಮ್ಮ ಮನಿಯವ್ರು ತಮ್ಮನ ಜೋಡಿ ಮಾತಾಡಾಕತ್ತಿದ್ರು, "ಬಾರೋ, ನಿನ್ನ ಹಾದೀನ ನೋಡಾಕತ್ತೀನಿ. ಇಲ್ಲೇ ಇದ್ದಬಿಡು, ಹೊಳ್ಳಿ ಹೋಗೂದು ಬ್ಯಾಡ."

ಛತ್ರಿ ನೆಲಕ್ಕ ಬಿತ್ತು. ಅಂವ ಓಡಿದ್ದು ನಾ ಕಣ್ಣಾರೆ ನೋಡೀನಿ. "ಯಣ್ಣಾ, ಛತ್ರಿ" ಅಂತ ಹಿಂದಿಂದ ಕೂಗಿದೆ. ನನ್ನ ದನಿ ಕೇಳಿ ಇನ್ನಷ್ಟು ಓಡಿದ.

ಮುಂದ ಒಂದಿನ ಆ ಛತ್ರಿ ಹೊತಗೊಂಡು ನರಗುಂದದ ಸಂತಿಗೆ ಹೋದಾಗ ಅಂವ ಎದುರಿಗೆ ಸಿಕ್ಕ. ಪಾಪ, ಕೊಟ್ಟಬಿಡೋಣು ಅಂತ ಛತ್ರಿ ಮುಂದ ಹಿಡದೆ. ಅಂವ ಛತ್ರಿ ನೋಡಲಿಲ್ಲ, ಬಗ್ಗಿ ನನ್ನ ಪಾದ ಯಾವ ಕಡೆ ತಿರಗ್ಯಾವ ಅಂತ ನೋಡಿದ.

ಅಜ್ಜಿ ಸಿಮ್ಮಿನ ರೀತಿ ರಿವಾಜು

ಅಜ್ಜಿ ಮನ್ಯಾಗ ಸುಮ್ಮನ ಹೊಕ್ಕು ಮಾತಾಡಂಗಿಲ್ಲ. ಚಪ್ಪಲಿ ಹೊರಗ ಬಿಟ್ಟು, ಹೊಸ್ತಿಲದಾಗ ನಿಂತು, "ಯಮ್ಮಾ, ಒಳಗ ಬರ್ತೀನಿ" ಅನ್ನಬೇಕು. ಫೋನ್ ಮುಗದ ಮ್ಯಾಲ ಯಾರದು, ಏನಂದ್ರು ಅಂತ ಖಾಲಿ ಗ್ವಾಡಿಗೆ ಹೇಳಿ ಬರಬೇಕು. ಬದುಕಿದ್ದಾಗೂ ಆಕಿ ಹಂಗ ಇದ್ಲು, ಊರ ಸುದ್ದಿ ತಿಳೀದ ಅನ್ನ ಇಳೀತಿರಲಿಲ್ಲ.

ಇನ್ನೊಂದ್ರಿ. ಅಲ್ಲಿ ಸುಳ್ಳು ಹೇಳಿದ್ರ ಫೋನ್ ಕಟ್ ಆಗತೈತಿ. ನಾ ನಂಬಿರಲಿಲ್ಲ. ನಮ್ಮ ಮಾವ, ಅಂದ್ರ ಮನಿಯವ್ರ ಕಾಕಾ, ಬೀಗರ ಮನಿ ಮದಿವಿ ತಪ್ಪಿಸಬೇಕು ಅಂತ ನನ್ನ ಎದುರಿಗೇ ಫೋನ್ ಹಚ್ಚಿದ್ರು. "ನನಗ ಜ್ವರಾ ಬಂದೈತಿ" ಅಂದ್ರು, ಕಟ್. ಮತ್ತ ಹಚ್ಚಿ "ಬಸ್ಸಿಲ್ಲ" ಅಂದ್ರು, ಕಟ್. "ದನಾ ಈದೈತಿ" ಅಂದ್ರು, ಫೋನ ಬಂದ್ ಆತು. ಮಾವ ಮತ್ತ ಚಾಲೂ ಮಾಡಿ ಹಚ್ಚಿದ್ರು. ಕಡೀಕ ಬ್ಯಾಸತ್ತು, "ನಿಮ್ಮ ಮನಿ ಸಾರು ನನಗ ಸೇರೂದಿಲ್ಲೋ, ಅದಕ ಬರಾಂಗಿಲ್ಲ" ಅಂದಬಿಟ್ರು.

ಅವತ್ತಿನಷ್ಟು ಸ್ವಚ್ಛ ಮಾತು ಆ ಫೋನಿನ್ಯಾಗ ಮತ್ತೆಂದೂ ಕೇಳಿಲ್ಲ. ಅದಾದ ಮ್ಯಾಲ ಅವರು ಮಾವಗ ಯಾವ ಮದಿವಿಗೂ ಕರದಿಲ್ಲ.

ಗಜೇಂದ್ರಗಡದ ಅಜ್ಜಿ

ಐತವಾರ ಸಂಜಿ ಮಗಳಿಗೆ ಇಳಕಲ್ಲ ಸೀರಿ ಉಡಿಸಿ ಕಡೀ ಓಣಿ ಅಜ್ಜಿ ಮನಿಗೆ ಕರಕೊಂಡು ಹೋದಿವಿ. ಹಾಳ ಗ್ವಾಡಿ ಕಾಣಬಾರದು ಅಂತ ಹಿಂದ ಚಾದರ ಕಟ್ಟಿದಿವಿ. ಮಗಳನ್ನ ಚಾಪಿ ಮ್ಯಾಲ ಕೂಡಿಸಿ ನಾ ಎದುರಿಗೆ ಫೋನ್ ಹಿಡ್ಕೊಂಡು ನಿಂತೆ. ನಮ್ಮ ಮನಿಯವ್ರು ಹೊಸ್ತಿಲ ಕಾಯಾಕ ಕುಂತ್ರು. ಇದೂ ಮುರದ್ರ ಮಗಳ ಮಾರಿ ಹ್ಯಾಂಗ ನೋಡ್ಲಿ?

ಗಜೇಂದ್ರಗಡದ ಅಜ್ಜಿ ಹಾಸಗಿ ಮ್ಯಾಲ ಚಷ್ಮಾ ಹಾಕ್ಕೊಂಡು ಫೋನಿನ್ಯಾಗ ಕಂಡ್ರು. ಹೆಸರು ಕೇಳಿದ್ರು, ಸಾಲಿ ಕೇಳಿದ್ರು, ಮಗ್ಗದ ಸಪ್ಪಳದಾಗ ನಿದ್ದಿ ಬರತೈತೇನು ಅಂತ ಕೇಳಿದ್ರು. ಮಗಳು ಎಲ್ಲಾಕ್ಕೂ ಚಲೋ ಉತ್ತರ ಕೊಟ್ಲು. ಆದ್ರ ಅಜ್ಜಿ ನೋಡಾಕತ್ತಿದ್ದು ಮಗಳನ್ನ ಅಲ್ಲ. ಮಗಳ ಎಡಕಿನ ಖಾಲಿ ಜಾಗಾ ನೋಡಿ ಗೋಣು ಹಾಕೋದು, ನಗೋದು ಮಾಡಾಕತ್ತಿದ್ರು.

"ಹುಡುಗಿ ಮನಸ್ಸಿಗೆ ಬಂದ್ಲವಾ. ಆದ್ರ ಬಾಜೂಕ ಹಿರ್ಯಾಕಿ ಕುಂತಾಳಲ್ಲ, ಆಕಿನ್ನ ಯಾಕ ಮಾತಾಡಿಸವಲ್ರಿ? ಯಾರು ಆಕಿ?" ಅಂದ್ರು.

ಚಾಪಿ ಮ್ಯಾಲ ಮಗಳೊಬ್ಬಾಕಿನ ಇದ್ಲು. ಗಾಳಿ ಇರಲಿಲ್ಲ, ಹಿಂದಿನ ಚಾದರ ಒಂಚೂರು ಅಳ್ಳಾಡಿತು. ಮಗಳು ನನ್ನ ಮಾರೀನ ನೋಡಾಕತ್ತಿದ್ಲು, ಎಡಕ್ಕ ಹೊಳ್ಳಿ ನೋಡೂ ಧೈರ್ಯ ಆಕಿಗಿಲ್ಲ. ಯಾರೂ ಇಲ್ಲ ಅಂದ್ರ ದೆವ್ವದ ಮನಿ ಅಂತ ಸಂಬಂಧ ಮುರೀತೈತಿ. ನಮ್ಮತ್ತಿ ಅಂತ ಸುಳ್ಳು ಹೇಳಿದ್ರ ಫೋನ್ ಕಟ್ ಆಗತೈತಿ, ಆವಾಗೂ ಮುರೀತೈತಿ. ಇದ್ದದ್ದನ್ನ ಹೇಳಿದೆ.

"ಆಕಿ ಈ ಮನಿ ಯಜಮಾನತಿರಿ."

ಫೋನ್ ಕಟ್ ಆಗಲಿಲ್ಲ.

"ಅದಕ ಇಷ್ಟು ಗತ್ತು" ಅಂದ್ರು ಅಜ್ಜಿ. "ಹಿರ್ಯಾರು ಇದ್ದ ಮನಿ ಚಲೋ. ನಾ ಹೂಂ ಅಂದೆ ಅಂತ ತಿಳೀರಿ. ಆದ್ರ ಮದಿವ್ಯಾಗ ಮೊದಲ ಅಕ್ಕಿಕಾಳು ಆಕಿನ ಹಾಕಬೇಕು. ಈಗ ನನ್ನ ಎದುರಿಗೇ ಕರೀರಿ ಆಕಿನ್ನ, ಬರ್ತೀನಿ ಅಂದ್ರ ಮುಂದಿನ ಮಾತು."

ಹೊಸ್ತಿಲದಾಗ ನಮ್ಮ ಮನಿಯವ್ರು ಕಣ್ಣು ಮುಚ್ಚಿ ದೇವ್ರ ಹೆಸರು ಹೇಳಾಕತ್ತಿದ್ರು, ಅವರಿಂದೇನೂ ಆಗೂದಿಲ್ಲ. ಮಗಳ ಮಾರಿ ನೋಡಿದೆ. ಫೋನ್ ಗಟ್ಟಿ ಹಿಡಕೊಂಡು, ಖಾಲಿ ಚಾಪಿ ಕಡೆ ಬಗ್ಗಿ ಕೇಳಿದೆ, "ಯಮ್ಮಾ, ಮದಿವಿಗೆ ಬರ್ತಿಯೇನ ಬೇ?"

ನಮಗೇನೂ ಕೇಳಿಸಲಿಲ್ಲ. ಗಜೇಂದ್ರಗಡದ ಅಜ್ಜಿ ಕಿವಿ ಫೋನಿಗೆ ಹಚ್ಚಿ ಪೂರಾ ಕೇಳಿಸಿಕೊಂಡ್ರು.

"ಬರ್ತಾಳಂತವಾ" ಅಂದ್ರು. "ಆದ್ರ ಊಟಕ್ಕ ಎರಡನೇ ಪಂಕ್ತ್ಯಾಗ ಕೂಡಿಸಿದ್ರ ಎದ್ದು ಹೋಗ್ತಾಳಂತ."