ಥಬ್ಯೇಗೋನ್ ಠಾಣೆಯ ಕುಡುಕ ಕೋಣ

ಬಿಳಿಯ ಅಧಿಕಾರಿ ಕುಡಿದು ಬೀದಿಯಲ್ಲಿ ಬೀಳತಕ್ಕದ್ದಲ್ಲ ಎಂಬುದು ಬರ್ಮಾ ಪೊಲೀಸರ ನಿಯಮ. ಆದಕಾರಣ ದೋಣಿ ಪಂದ್ಯದ ದಿನ ನಡುಮಧ್ಯಾಹ್ನ ಥಬ್ಯೇಗೋನ್ ಊರಿನ ಸಂತೆಬೀದಿಯಲ್ಲಿ ಕಿರಿಯ ಅಧಿಕಾರಿ ವಿಲ್ಮಟ್ ಸಾಹೇಬರು ಬೀಳಲಿಲ್ಲ. ಬಿದ್ದದ್ದನ್ನು ಕಂಡವರು ನಾನೂರು ಮಂದಿ.

ಬೀಳುವ ಮುಂಚೆ ಅವರು, ಸಲಾಮು ಹೊಡೆಯಲಿಲ್ಲವೆಂದು, ಮುದುಕಿ ಸೇನ್ ಮ್ಯಾಳ ಕೋಣಕ್ಕೆ ಪಿಸ್ತೂಲು ಗುರಿಯಿಟ್ಟಿದ್ದರು. ಪೇದೆ ಟುನ್ ಲಿನ್ ಪಿಸ್ತೂಲು ಕಸಿದುಕೊಂಡು ಅವರನ್ನು ಲಾಕಪ್ಪಿಗೆ ಹಾಕಿದ. ಮರ್ಯಾದೆಗೆಂದು ಹೆಸರು ಬಿಟ್ಟು ಠಾಣೆಯ ಪುಸ್ತಕದಲ್ಲಿ ಬರೆದ: ‘ಗಂಡು. ಮದ್ಯಪಾನ. ಮೈಯೆಲ್ಲ ಕೆಸರು. ಮಾತು ಅರ್ಥವಾಗುತ್ತಿಲ್ಲ.’

ವಿಲ್ಮಟ್ ಸಾಹೇಬರಿಗೆ ಕಠಿಣ ಶಿಕ್ಷೆಯಾಯಿತು. ಮೂರು ವಾರ ತಂಪಾದ ಗುಡ್ಡದ ಊರಿನಲ್ಲಿರಬೇಕಾಯಿತು. ‘ಬಿಸಿಲಿನ ಬಾಧೆ ವಾಸಿ’ ಎಂಬ ವೈದ್ಯರ ಚೀಟಿಯೊಡನೆ ಮರಳಿದರು. ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳಲು ಒಂದೇ ತೊಡಕು, ಆ ಪುಸ್ತಕ. ಅದರ ಹಾಳೆ ಹರಿಯುವಂತಿಲ್ಲ. ದೊಡ್ಡ ಸಾಹೇಬರು ಟುನ್ ಲಿನ್‌ನನ್ನು ಕರೆಸಿದರು.

“ಒಳಗೆ ಹಾಕಿದ್ದು ಯಾರನ್ನಯ್ಯಾ?”

“ವಿಲ್ಮಟ್ ಸಾಹೇಬರನ್ನ, ಸ್ವಾಮಿ.”

“ನೌಕರಿ ಎಷ್ಟು ವರ್ಷ ಆಯ್ತು?”

“ಹತ್ತೊಂಬತ್ತು. ಇನ್ನೊಂದು ವರ್ಷ ಕಳೆದ್ರೆ ಪಿಂಚಣಿ.”

“ಹಾಗಾದ್ರೆ ಚೆನ್ನಾಗಿ ನೆನಪು ಮಾಡ್ಕೋ.”

ಟುನ್ ಲಿನ್ ಪುಸ್ತಕದಲ್ಲಿ ತಾನು ಬರೆದದ್ದನ್ನು ಮತ್ತೊಮ್ಮೆ ಓದಿಕೊಂಡ. “ಕೋಣಾನ, ಸ್ವಾಮಿ.”

ಕೋಣದ ಪರವಾಗಿ ಸನ್ನಡತೆಯ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಲು ಬಂದ ಸೇನ್ ಮ್ಯಾ ಟುನ್ ಲಿನ್ ಮೇಲೆ ಕೆಂಡವಾದಳು. “ನಿನ್ನ ಬಾಯಿಗೆ ಹುಳ ಬೀಳ! ಹುಟ್ಟಿದಾಗಿಂದ ಅದು ನೀರು ಬಿಟ್ಟು ಏನೂ ಕುಡಿದಿಲ್ಲ ಕಣೋ!”

“ಗೊತ್ತು ದೊಡ್ಡಮ್ಮಾ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

“ನಿನ್ನ ಮುಖ ನೋಡಿ ಒತ್ತುತಾ ಇದೀನಿ. ಆ ಕೆಂಪು ಮೂತಿಗಲ್ಲ.”

ಆಜ್ಞೆ ಹೊರಟಿತು: ವಿಲ್ಮಟ್ ಸಾಹೇಬರು ಮೊದಲಿನ ಹುದ್ದೆಗೆ, ಕೋಣವು ಒಂದು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಅವರ ಮುಂದೆ ಹಾಜರಾಗಿ ಬಾಯಿ ಮೂಸಿಸಿಕೊಳ್ಳತಕ್ಕದ್ದು.

ಮೊದಲ ಸೋಮವಾರ ಠಾಣೆಯ ಮುಂದೆ ಊರೇ ನೆರೆಯಿತು. ಸಾಹೇಬರ ಕೋಣೆಗೆ ಕರೆತಂದ ಕೋಣದ ಬಾಯಿಯನ್ನು ಟುನ್ ಲಿನ್ ಬಗ್ಗಿ ಮೂಸಿದ. ಬರೀ ಹುಲ್ಲು. ಕೋಣೆಯ ತುಂಬ ಮಾತ್ರ ವಿಸ್ಕಿ ಗಬ್ಬೆನ್ನುತ್ತಿತ್ತು.

“ವಾಸನೆ ಬರ್ತಿದೆಯೇನೋ?” ಕೆಂಗಣ್ಣಿನ ವಿಲ್ಮಟ್ ಸಾಹೇಬರು ಕೇಳಿದರು.

“ಬರ್ತಿದೆ, ಸ್ವಾಮಿ.”

“ಎಲ್ಲಿಂದ?”

ಟುನ್ ಲಿನ್ ಕಣ್ಣು ಮುಚ್ಚಿಕೊಂಡ. “ಕೋಣದಿಂದ, ಸ್ವಾಮಿ.”

ಸಾಹೇಬರು ವ್ಯಥೆಯಿಂದ ತಲೆಯಾಡಿಸಿ ಅವಧಿಯನ್ನು ಆರು ತಿಂಗಳು ಹೆಚ್ಚಿಸಿದರು.

“ಚಟ ಬಿಡೋದು ಅಷ್ಟು ಸುಲಭವೇ?” ಎಂದು ಜನ ಲೊಚಗುಟ್ಟಿದರು. ಸೇನ್ ಮ್ಯಾ ಹಗ್ಗ ಜಗ್ಗಿ ಕೋಣವನ್ನು ಗದರಿದಳು: “ಇವತ್ತಾದ್ರೂ ನೆಟ್ಟಗೆ ಮನೆಗೆ ನಡಿಯೋ!”