ಮೌನಿಯ ಕಾರಿನ ಹುಚ್ಚು

ಮನೆಯೊಡತಿಯ ಕಾರು ಗೇಟು ದಾಟುವಾಗ ಮೌನಿ ಅದರ ಹಿಂದಿನ ಚಕ್ರಕ್ಕೆ ಬಾಯಿ ಹಾಕದೆ ಇದ್ದಿದ್ದರೆ, ವಾಚಪ್ಪನ ಪಾಲಿಗೆ ಆ ದಿನವೂ ಉಳಿದ ದಿನಗಳ ಹಾಗೆ ಸುಮ್ಮನೆ ಕಳೆದುಹೋಗುತ್ತಿತ್ತು. ಆಕೆ ಬೆದರಿ ಸ್ಟಿಯರಿಂಗ್ ತಿರುಗಿಸಿದರು. ಕಾರಿನ ಮುಂದಿನ ದೀಪ ಗೇಟಿನ ಕಂಬಕ್ಕೆ ಮುತ್ತಿಟ್ಟು ಪುಡಿಪುಡಿಯಾಯಿತು.

ಮೌನಿ ವಾಚಪ್ಪನ ನಾಯಿಯಲ್ಲ, ಅವನ ಹೆಂಡತಿಯ ತಮ್ಮನದು. "ನಾಲ್ಕು ದಿನ ನೋಡ್ಕೊಳ್ಳಿ ಭಾವ, ಹೆಸರಿಗೆ ತಕ್ಕ ಹಾಗಿದೆ" ಎಂದು ಬಿಟ್ಟುಹೋದ ಭಾಮೈದ ಆಮೇಲೆ ಈ ಕಡೆ ತಲೆ ಹಾಕಿ ಮಲಗಿರಲಿಲ್ಲ. ವಾಚಪ್ಪನದು ಗಡಿಯಾರ ರಿಪೇರಿ. ಬಾಡಿಗೆ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದಾಗಲೇ ಬೀದಿಯಲ್ಲಿ ಕಾರು ಬರುವುದು, ಮೌನಿ ಬೊಗಳುವುದು, ತಿರುಪು ಹಾರುವುದು. ಅದನ್ನು ಹುಡುಕಲು ಅವನು ಮಂಡಿಯೂರಿ ನೆಲ ನೆಕ್ಕುವ ಹೊತ್ತಿಗೆ ಇನ್ನೊಂದು ಕಾರು.

ಮನೆಯೊಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೂಗಾಡುವವರಲ್ಲ. ಕೂಗಾಡಿದ್ದರೆ ವಾಚಪ್ಪ ಅಷ್ಟು ಹೆದರುತ್ತಲೂ ಇರಲಿಲ್ಲ.

"ಕಾರಿನ ಹಿಂದೆ ಓಡೋದು, ಬೀದಿಗೆಲ್ಲ ಕೇಳೋ ಹಾಗೆ ಅರಚೋದು, ಎರಡೂ ಇವತ್ತು ಸಂಜೆ ಒಳಗೆ ನಿಲ್ಲಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ" ಎಂದು ಮೆಲ್ಲಗೆ ಹೇಳಿ, ಕಾರನ್ನು ಒಳಗೆ ನಿಲ್ಲಿಸಿ, ಮಹಡಿ ಹತ್ತಿದರು.

ಸುದ್ದಿ ಎದುರುಮನೆಯ ಕಾಂಪೌಂಡರ್‌ಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಕೇಳದೆಯೇ ಮದ್ದು ಕೊಡುವುದು ಅವನ ಜಾಯಮಾನ.

"ತುಂಬಿದ ಬಾಯಿ ಬೊಗಳತ್ತೇನ್ರೀ? ಕಾರು ಬಂದ ತಕ್ಷಣ ಒಂದು ಬನ್ನು ತುರುಕಿ, ಮುಗೀತು!"

ವಾಚಪ್ಪ ಹಾಗೇ ಮಾಡಿದ. ಮೊದಲ ಕಾರಿಗೆ ಮೌನಿ ಬೊಗಳಿತು, ಬನ್ನು ಸಿಕ್ಕಿತು. ಎರಡನೆಯದಕ್ಕೂ ಬೊಗಳಿತು, ಬನ್ನು ಸಿಕ್ಕಿತು. ಲೆಕ್ಕ ಅದಕ್ಕೆ ಚೆನ್ನಾಗಿ ಅರ್ಥವಾಯಿತು. ಬೊಗಳಿದರೆ ಊಟ! ಆಮೇಲೆ ಅದು ಸೈಕಲ್ಲಿಗೂ ಬೊಗಳಿತು, ನಡೆದು ಹೋಗುವವರಿಗೂ ಬೊಗಳಿತು. ಕೊನೆಗೆ ಯಾರೂ ಇಲ್ಲದ ಖಾಲಿ ಬೀದಿಗೆ ಬೊಗಳಿ ವಾಚಪ್ಪನ ಕೈ ನೋಡಿತು.

"ಹಗ್ಗದಲ್ಲಿ ಕಟ್ಟಿ ಅಂದ್ರೆ ಕೇಳಲ್ಲ" ಎಂದಳು ಹೆಂಡತಿ.

"ಎಲ್ಲಿಗೆ ಕಟ್ಟೋದು? ಬಾಗಿಲಿಗೆ ಕಟ್ಟಿದ್ರೆ ಬಾಗಿಲೇ ಕಿತ್ಕೊಂಡು ಬರತ್ತೆ."

"ನೀವೊಬ್ರು ಇದ್ದೀರಲ್ಲ?"

ವಾಚಪ್ಪ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಗಂಟು ಬಿಚ್ಚಬಾರದೆಂದು ಕಾಂಪೌಂಡರ್ ಖುದ್ದಾಗಿ ಬಂದು ಇನ್ನೆರಡು ಗಂಟು ಹಾಕಿದ. ಅದೇ ಹೊತ್ತಿಗೆ ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟ್ರ ಕಾರು, ಹೊಸದಾಗಿ ಕಲಿಯುವ ಹೆಂಗಸೊಬ್ಬಳ ಕೈಯಲ್ಲಿ ಕುಡುಕನ ಹಾಗೆ ತೂರಾಡುತ್ತ ಬಂತು. ಮೌನಿ ಹಾರಿತು. ಹಿಂದೆಯೇ ವಾಚಪ್ಪನೂ ಹಾರಿದ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗಾಳಿಪಟದ ಬಾಲಂಗೋಚಿಯ ಹಾಗೆ ಓಲಾಡುತ್ತ, "ಅಯ್ಯೋ! ನಿಲ್ಸೀ! ನಿಲ್ಸ್ರೀ!" ಎಂದು ಅರಚುತ್ತ ಓಡಿದ. ನಾಯಿ ಎಲ್ಲೋ ಕಾರಿನ ಮರೆಯಲ್ಲಿತ್ತು. ಮಹಡಿಯ ಕಿಟಕಿಯಿಂದ ನೋಡುವವರಿಗೆ ಕಾಣಿಸುತ್ತಿದ್ದುದು ಕಾರು ಮತ್ತು ವಾಚಪ್ಪ ಮಾತ್ರ. ಕಿಟಕಿಯಲ್ಲಿ ಮನೆಯೊಡತಿ ನಿಂತಿದ್ದರು.

ಕಾರು ನಿಲ್ಲಿಸಿ ಇಳಿದ ಡ್ರೈವಿಂಗ್ ಮೇಷ್ಟ್ರು ಮಣ್ಣಾದ ವಾಚಪ್ಪನನ್ನು ಎತ್ತಿ ನಿಲ್ಲಿಸಿ, ಹಗ್ಗದ ಗಂಟುಗಳನ್ನು ಬಿಚ್ಚಿದರು.

"ಕಾರಿನ ಹಿಂದೆ ಯಾರು ಓಡ್ತಾರೆ ಹೇಳಿ? ಕಾರಲ್ಲಿ ಜಾಗ ಸಿಗದೆ ಇರೋರು. ಒಂದು ರೌಂಡು ಕೂರಿಸ್ಕೊಂಡು ಹೋದ್ರೆ ಆಸೆ ತೀರತ್ತೆ."

ಕೂರಿಸಿಕೊಂಡು ಹೋದರು. ಮೌನಿ ಹಿಂದಿನ ಸೀಟಿನಲ್ಲಿ ಮದುಮಗನ ಹಾಗೆ ಕೂತು, ಕಿಟಕಿಯಿಂದ ಮೂತಿ ಹೊರಗಿಟ್ಟು, ಗಾಳಿ ಕುಡಿಯಿತು. ಒಂದು ಸಲವೂ ಬೊಗಳಲಿಲ್ಲ. ವಾಪಸು ಬಂದ ಮೇಲೂ ಹಾಗೇ. ಕಾರು ಹೋದರೆ ಬಾಲ ಅಲ್ಲಾಡಿಸುವುದು, ಅಷ್ಟೇ. ಮಧ್ಯಾಹ್ನ ಮನೆಯೊಡತಿ ದೀಪ ಹಾಕಿಸಲು ಕಾರು ತೆಗೆದುಕೊಂಡು ಗ್ಯಾರೇಜಿಗೆ ಹೊರಟಾಗ ಮೌನಿ ಗೇಟಿನ ಬಳಿ ಸಾಧುವಿನಂತೆ ಕೂತಿತ್ತು. ಆಕೆ ಅದನ್ನು ನೋಡಿದರು, ವಾಚಪ್ಪನನ್ನೂ ನೋಡಿದರು. ಕಾರು ಮುಂದಕ್ಕೆ ಬಿಟ್ಟರು. ವಾಚಪ್ಪನಿಗೆ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

ಅವನು ಮತ್ತೆ ತಿರುಪು ಹಿಡಿದು ಕೂತಿದ್ದಾಗ ಸಾಮಾನು ವ್ಯಾನೊಂದು ಬಂದು ನಿಂತಿತು. "ಗ್ಯಾರೇಜಿಗೆ ದಾರಿ ಯಾವುದ್ರೀ?" ಎಂದ ಚಾಲಕ. ಅಡ್ಡರಸ್ತೆ ದಾಟಿ ಎಡಕ್ಕೆ ಎಂದು ವಾಚಪ್ಪ ವಿವರವಾಗಿ ಹೇಳಿದ. ವ್ಯಾನಿನ ಹಿಂಬಾಗಿಲು ಬಾಯಿ ತೆರೆದುಕೊಂಡಿತ್ತು. ಸವಾರಿಯ ರುಚಿ ಹತ್ತಿದ ಮೌನಿ ಯಾರನ್ನೂ ಕೇಳದೆ ಹತ್ತಿ ಕೂತಿತು. ವ್ಯಾನು ಹೊರಟಿತು.

"ನನ್ನ ತಮ್ಮನ ನಾಯಿ!" ಎಂದು ಒಳಗಿನಿಂದ ಹೆಂಡತಿ ಕಿರುಚಿದಳು. "ನಾಯಿ ಇಲ್ದೆ ಮನೆಗೆ ಬಂದೀರಿ ಮತ್ತೆ!"

ವಾಚಪ್ಪ ಓಡಿದ. ಕಣ್ಣಿನಲ್ಲಿ ಭೂತಗನ್ನಡಿ, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. "ಏಯ್, ನಿಲ್ಲಿಸು! ಓ ವ್ಯಾನು!" ಎಂದು ಶುರುವಾದ ಕೂಗು, ಏದುಸಿರು ಹೆಚ್ಚಿದಂತೆ ಸವೆದು "ವ್ಯಾ... ವೋ... ವೋ..." ಎಂಬಲ್ಲಿಗೆ ಬಂದು ನಿಂತಿತು. ಅಡ್ಡರಸ್ತೆಗೆ ಬರುವಷ್ಟರಲ್ಲಿ ವ್ಯಾನು ಮಾಯ. ಗ್ಯಾರೇಜಿನವರೆಗೆ ಓಡಲು ಉಸಿರು ಸಾಲದೆ ಅಲ್ಲೇ ಗೋಡೆ ಹಿಡಿದು ಕುಸಿದು ಕೂತ. ಸುಮಾರು ಹೊತ್ತಾದ ಮೇಲೆ ಎದುರಿನಿಂದ ಮನೆಯೊಡತಿಯ ಕಾರು ಬಂತು. ಮುಂದಿನ ಸೀಟಿನಲ್ಲಿ ಮೌನಿ! ಗ್ಯಾರೇಜಿನಲ್ಲಿ ವ್ಯಾನಿನಿಂದ ಇಳಿದದ್ದೇ, ಗುರುತಿನ ಕಾರು ಕಂಡು ಹತ್ತಿಬಿಟ್ಟಿತ್ತು.

ಸಿಕ್ಕಿತಲ್ಲ ಎಂಬ ಆನಂದದಲ್ಲಿ ವಾಚಪ್ಪ ಕಾರಿನ ಬೆನ್ನು ಹತ್ತಿದ. ಕೈ ಬೀಸುತ್ತ, "ವೋ... ವೋ..." ಎನ್ನುತ್ತ ಗೇಟಿನವರೆಗೂ ಹಿಂದಿನ ಚಕ್ರದ ಪಕ್ಕದಲ್ಲೇ ಓಡಿ ಬಂದ.

ಮನೆಯೊಡತಿ ಇಳಿದರು. ಮೌನಿಯೂ ಸದ್ದಿಲ್ಲದೆ ಇಳಿದು ಆಕೆಯ ಕಾಲ ಬಳಿ ನಿಂತಿತು.

"ಮೇಡಂ, ನೋಡಿದ್ರಲ್ಲ... ಆ ಚಾಳಿ... ಪೂರ್ತಿ ಬಿಟ್ಟಿದೆ."

"ನೋಡಿದೆ. ಬೆಳಿಗ್ಗೆ ಕಿಟಕಿಯಿಂದ್ಲೂ ನೋಡಿದೆ, ಈಗ್ಲೂ ನೋಡಿದೆ" ಎಂದರು ಆಕೆ, ಮೌನಿಯ ತಲೆ ಸವರುತ್ತ. "ಪಾಪ, ಇದಕ್ಕೆ ಅದನ್ನ ಕಲಿಸಿದ್ದು ಯಾರು ಅಂತ ಈಗ ಗೊತ್ತಾಯ್ತು. ನಾಯಿ ಮಹಡಿ ಮೇಲೆ ನನ್ನ ಜೊತೆ ಇರ್ಲಿ. ನೀವು ಬೇರೆ ಮನೆ ನೋಡ್ಕೊಳ್ಳಿ."

ಮೌನಿ ಆಕೆಯ ಹಿಂದೆಯೇ ಮೆಟ್ಟಿಲು ಹತ್ತಿತು. ತಿರುಗಿ ಕೂಡ ನೋಡಲಿಲ್ಲ.